ಮಗಳ ಅಭಿಪ್ರಾಯ ಕೇಳಿದವರಿಗೆ

ಅಂತರರಾಷ್ಟ್ರೀಯ ಉನ್ನತ ಶಾಲಾ ಕಾರ್ಯಕ್ರಮದ ಮಾನ್ಯ ಸಂಚಾಲಕರಿಗೆ, ನವಲಗುಂದ ತಾಲ್ಲೂಕು ಮೊರಬದಲ್ಲಿ ಹಿಟ್ಟಿನ ಗಿರಣಿ ನಡೆಸುವ ಈರಬಸಪ್ಪನು, ಕೈಗೆ ಹತ್ತಿದ ಜೋಳದ ಹಿಟ್ಟನ್ನು ಸ್ವಚ್ಛವಾಗಿ ಝಾಡಿಸಿಕೊಂಡು ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ಪುಣೆಯ ಆಚೆ ಗುಡ್ಡದ ಮೇಲಿರುವ ತಮ್ಮ ಶಾಲೆಯ ಕೀರ್ತಿ ಅಪಾರವಾದದ್ದು. ತಾವು ಕಳಿಸಿದ ಪುಸ್ತಿಕೆಯಲ್ಲಿ ನಾನಾ ದೇಶದ ಮಕ್ಕಳು ಮರದ ಕೆಳಗೆ ಗಣಿತದ ಪುಸ್ತಕ ಹಿಡಿದು ನಗುತ್ತ ಕುಳಿತಿದ್ದಾರೆ. ಗಣಿತದ ಪುಸ್ತಕ ಹಿಡಿದು ನಗುವ ಮಕ್ಕಳನ್ನು ನಮ್ಮ ತಾಲ್ಲೂಕಿನಲ್ಲಿ ನಾನು ಈವರೆಗೆ ಕಂಡಿಲ್ಲವಾದ್ದರಿಂದ, ತಮ್ಮ ಸಾಧನೆಗೆ ತಲೆಬಾಗಿಯೇ ಈ ದೂರನ್ನು ಬರೆಯುತ್ತಿದ್ದೇನೆ.

ನನ್ನ ಹಿರಿಯ ಮಗಳು ಶಾರದಾ ಹತ್ತನೆಯ ಇಯತ್ತೆ ಮುಗಿಸಿದಾಗ, ಅವಳ ವಿಜ್ಞಾನದ ಮಾಸ್ತರರಾದ ಮಡಿವಾಳೆಪ್ಪನವರು ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ತಾವು ನಡೆಸಿದ ಪರೀಕ್ಷೆಗೆ ಕೂರಿಸಿದರು. ಅವಳು ಆಯ್ಕೆಯಾದಳು. ಓದು, ಊಟ, ವಸತಿ ಎಲ್ಲವೂ ತಮ್ಮದೇ ಎಂದು ಬರೆದಿರಿ. ಅಲ್ಲಿಯವರೆಗೆ ತಮ್ಮದೇನೂ ತಪ್ಪಿಲ್ಲ. ತಪ್ಪು ಇರುವುದು ಅದರ ಜೊತೆ ಬಂದ ಅರ್ಜಿಯ ಕೊನೆಯಲ್ಲಿ. ‘ಸೇರುವುದೋ ಬಿಡುವುದೋ ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಿ, ಕಾರಣವನ್ನು ಸ್ವಂತ ಮಾತಿನಲ್ಲಿ ಬರೆಯತಕ್ಕದ್ದು, ಪಾಲಕರು ಹೇಳಿಕೊಡಕೂಡದು’ ಎಂದು ತಾವು ಅಚ್ಚು ಹಾಕಿಸಿದ್ದೀರಿ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಹೊಟ್ಟೆ ತುಂಬಾ ಉಣ್ಣಿಸುತ್ತೇವೆ, ಜಡ್ಡಾದರೆ ಧಾರವಾಡದ ಡಾಕ್ಟರರ ತನಕ ಒಯ್ಯುತ್ತೇವೆ. ಆದರೆ ಅಭಿಪ್ರಾಯ ಕೇಳುವ ರೂಢಿ ಇರಲಿಲ್ಲ. ಈ ರೋಗ ನಮ್ಮ ಹೊಸ್ತಿಲೊಳಗೆ ಬಂದದ್ದು ತಮ್ಮ ಅರ್ಜಿಯ ಮೂಲಕ.

ಇದರಲ್ಲಿ ಇನ್ನೊಂದು ತೊಡಕಿತ್ತು. ಅಣ್ಣಿಗೇರಿಗೆ ಕೊಟ್ಟಿರುವ ನನ್ನ ಅಕ್ಕ ನೀಲಕ್ಕ, ಶಾರದಾ ಹುಟ್ಟಿದಾಗ ಕಲಘಟಗಿಯಿಂದ ಬಣ್ಣದ ತೊಟ್ಟಿಲು ಮಾಡಿಸಿ ತಂದು, ಕೂಸನ್ನು ಅದರಲ್ಲಿ ಮಲಗಿಸಿ, ‘ಇಕಿ ನನ್ನ ಮಗ ಕುಬೇರಪ್ಪನ ಹೇಂತಿ’ ಎಂದು ಸಾರಿದ್ದಳು. ನಾನು ಹೂಂ ಅಂದಿದ್ದೆ. ತಾಯಿ ತೀರಿದ ಮೇಲೆ ನನ್ನನ್ನು ಎತ್ತಿ ಬೆಳೆಸಿದ ಅಕ್ಕನಿಗೆ ನಾನು ಬೇರೇನೂ ಅಂದು ಗೊತ್ತಿಲ್ಲ. ಹತ್ತನೆಯದು ಮುಗಿದೊಡನೆ ಲಗ್ನ ಎಂಬುದು ಎರಡೂ ಮನೆಯಲ್ಲಿ ನಿಶ್ಚಯವಾಗಿತ್ತು.

ಹುಡುಗಿಯೇನು ಕುಣಿಯುತ್ತ ಹೊರಡಲಿಲ್ಲ, ಮಾನ್ಯರೇ. ಉಣ್ಣುವುದು ಕಡಿಮೆ ಮಾಡಿದಳು. ಒಂದು ಸಂಜೆ ಒಲೆಯ ಮುಂದೆ ಕೂತು, “ಅವ್ವಾ, ಇಲ್ಲೆ ಸಾಲ್ಯಾಗ ನಾನ ಮೊದಲ್ನೇದಾಕಿ. ಅಲ್ಲೆ ಎಲ್ಲಾರಕಿಂತ ಹಿಂದ ಬಿದ್ರ?” ಎಂದು ಕೇಳಿದಳು. ರೊಟ್ಟಿ ಬಡಿಯುತ್ತಿದ್ದ ನನ್ನ ಮನೆಯಾಕೆ ಕಸ್ತೂರೆವ್ವ ತಲೆ ಎತ್ತದೆ, “ಹಿಂದ ಬಿದ್ರ, ಮುಂದಿನವ್ರು ಹೆಂಗ ಓಡ್ತಾರ ಅಂತ ಚೊಲೋತಂಗ ಕಾಣಸ್ತದ” ಅಂದಳು. ಇಂಥ ಮಾತು ಇವಳಲ್ಲಿ ಇಷ್ಟು ವರ್ಷ ಎಲ್ಲಿ ಅಡಗಿತ್ತೆಂದು ನಾನು ಕೈಯಲ್ಲಿನ ತುತ್ತು ಮರೆತೆ.

ಸುದ್ದಿ ಅಣ್ಣಿಗೇರಿ ಮುಟ್ಟಿತು. ಅಕ್ಕ ಬಸ್ಸಿಳಿದು ನೆಟ್ಟಗೆ ಗಿರಣಿಗೇ ಬಂದಳು. ಹಿಟ್ಟು ಹಾಕಿಸಲು ಬಂದ ಅರ್ಧ ಊರಿನ ಎದುರಿಗೆ, “ಈರಬಸ್ಯಾ, ಕೊಟ್ಟ ಮಾತು ಎಲ್ಲಿ ಹೋತೋ?” ಎಂದಳು. ನಾನು ಮಷೀನಿನ ಸದ್ದಿಗೆ ಕೇಳಿಸದವನಂತೆ ಪಟ್ಟಾ ಸರಿಪಡಿಸುತ್ತ ನಿಂತೆ. ನನಗೆ ಬುತ್ತಿ ತಂದಿದ್ದ ಶಾರದಾ ಮುಂದೆ ಬಂದು, ತಾವು ಕಲಿಸಿದ ಪಾಠವನ್ನೇ ಒಪ್ಪಿಸಿದಳು.

“ಅತ್ತೀ, ಲಗ್ನದ ವಿಚಾರ ಕುಬೇರಪ್ಪ ಮಾವಗ ಕೇಳೀರೇನ್ರಿ?”

“ಅವಗೇನ್ ಕೇಳೂದು? ನಾ ಹಡದಾಕಿ ಇದ್ದೇನಲ್ಲ!”

“ಒಮ್ಮೆ ಕೇಳಿ ನೋಡ್ರಿ. ಅಂವಾ ಹೂಂ ಅಂದ್ರ, ನಾ ಏನಂತೇನಿ ಅನ್ನೂದನ್ನೂ ಹೇಳ್ತೇನಿ.”

ಅಕ್ಕ ಸಿಟ್ಟಿನಲ್ಲೇ ಹಿಂತಿರುಗಿದಳು, ಸಿಟ್ಟಿನಲ್ಲೇ ಮಗನನ್ನು ಕೇಳಿದಳು. ಹುಬ್ಬಳ್ಳಿಯಲ್ಲಿ ಮೋಟರು ದುರಸ್ತಿ ಕಲಿಯುತ್ತಿದ್ದ ಆ ಬಡಪಾಯಿ, “ನೀ ಯಾವತ್ತೂ ಕೇಳಲಿಲ್ಲ ಯವ್ವಾ, ಅದಕ್ಕ ನಾ ಹೇಳಿರಲಿಲ್ಲ. ನನಗ ಈಗ ಲಗ್ನ ಬ್ಯಾಡ” ಎಂದುಬಿಟ್ಟನಂತೆ. ಹೀಗೆ ತಮ್ಮ ರೋಗವು ತಾಲ್ಲೂಕಿನ ಗಡಿ ದಾಟಿತು. ಅಕ್ಕ ಮಗನನ್ನು ಬೈಯಲಿಲ್ಲ. ನನ್ನ ಸಂಗಡ ಮಾತು ಬಿಟ್ಟಳು.

ಕೊನೆಗೆ ನನಗೂ ರೋಗ ತಗುಲಿತು. ಒಂದು ಮುಂಜಾನೆ ಚಹಾ ಕುಡಿಯುವಾಗ, “ನೀ ಏನಂತಿ?” ಎಂದು ಹೆಂಡತಿಯನ್ನು ಕೇಳಿಬಿಟ್ಟೆ. ಆಕೆ ನನ್ನ ಮುಖವನ್ನೇ ನೋಡಿ, ನನಗೆ ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು, “ಇಷ್ಟ ವರ್ಷಕ್ಕ ಕೇಳೀರಿ. ಗಡಿಬಿಡಿ ಮಾಡಬ್ಯಾಡ್ರಿ, ವಿಚಾರ ಮಾಡಿ ಹೇಳ್ತೇನಿ” ಅಂದಳು. ಮಾನ್ಯರೇ, ಆಕೆ ವಾರಪೂರ್ತಿ ವಿಚಾರ ಮಾಡಿದಳು! ಆ ವಾರ ನಾನು ಗಿರಣಿಯಲ್ಲಿ ಒಬ್ಬರ ಗೋದಿಯನ್ನು ಇನ್ನೊಬ್ಬರ ಜೋಳದ ಜೊತೆ ಬೀಸಿ ಬೈಸಿಕೊಂಡೆ. ವಾರದ ಮೇಲೆ ಆಕೆ, “ಹೋಗಲಿ. ನನಗ ಭಾಳ ತ್ರಾಸ ಆಗ್ತದ. ಆದ್ರೂ ಹೋಗಲಿ” ಎಂದಳು. ಅಂದು ಮಧ್ಯಾಹ್ನ ಶಾರದಾ ಅರ್ಜಿಯಲ್ಲಿ ತನ್ನ ಕಾರಣ ಬರೆದಳು: ‘ನನಗೆ ಹೆದರಿಕೆ ಇದೆ. ಹೆದರಿಕೆ ಹೋದ ಮೇಲೆ ಬರುತ್ತೇನೆಂದರೆ ನಾನು ಎಂದೂ ಬರಲಾರೆ. ಆದ್ದರಿಂದ ಈಗಲೇ ಬರುತ್ತೇನೆ.’ ನಾನು ಕೆಳಗೆ ಸಹಿ ಮಾಡಿದೆ.

ಹೊರಡುವ ದಿನ ಹುಬ್ಬಳ್ಳಿ ಸ್ಟೇಶನ್ನಿಗೆ ಅಕ್ಕ ಶೇಂಗಾ ಉಂಡಿಯ ಡಬ್ಬಿ ಹಿಡಿದು ಬಂದಿದ್ದಳು. ನನ್ನತ್ತ ನೋಡದೆ ಹುಡುಗಿಯ ಕೈಗೆ ಡಬ್ಬಿ ಕೊಟ್ಟು, “ಮಗನ ಹೇಂತಿ ಆಗದಿದ್ರ ಏನಾತು, ತಮ್ಮನ ಮಗಳು ಹೆಂಗೂ ನನಗ ಸೊಸಿನ” ಎಂದಳು. ರೈಲು ಹೋದ ಮೇಲೆ ಅಕ್ಕ ತಮ್ಮ ಇಬ್ಬರೂ ಒಂದೇ ಬಾಕಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಅಕ್ಕ, “ಉಂಡೀಯೇನೋ?” ಅಂದಳು.

ಆದಕಾರಣ ತಮ್ಮಲ್ಲಿ ಸವಿನಯ ಬೇಡಿಕೆಗಳಿವೆ. ತಮ್ಮ ಶಾಲೆಯನ್ನು ಗುಡ್ಡ ಸಮೇತ ಎತ್ತಿ ನಮ್ಮ ಗಿರಣಿಯ ಹಿಂದಿನ ಬಯಲಿಗೆ ತಂದಿಡಬೇಕು. ಸಪಾಟು ಎರಿ ಹೊಲದವರು ನಾವು ಗುಡ್ಡ ನೋಡಿದವರಲ್ಲ, ಆ ಕೊರತೆಯೂ ನೀಗುತ್ತದೆ. ಅದಾಗದಿದ್ದರೆ, ಪಾಲಕರಿಗೂ ಒಂದು ಪ್ರವೇಶ ಪರೀಕ್ಷೆ ಇಟ್ಟು, ಗೂಟಕ್ಕೆ ತೂಗುಹಾಕಿದ ಮಗಳ ಖಾಲಿ ಪಾಟೀಚೀಲ ನೋಡುತ್ತ ಊಟ ಮಾಡುವುದು ಹೇಗೆಂದು ಕಲಿಸಬೇಕು.

ಕಡೆಯದಾಗಿ, ನನ್ನ ಮುಖ್ಯ ದೂರು. ಈ ಗದ್ದಲದಲ್ಲಿ ಮಗಳನ್ನು ಕೇಳಿದರು, ಕುಬೇರಪ್ಪನನ್ನು ಕೇಳಿದರು, ಹೆಂಡತಿಯನ್ನು ನಾನೇ ಕೇಳಿದೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ‘ಬ್ಯಾಡ’ ಅನ್ನುತ್ತಿದ್ದೆ. ಕೇಳದೆ ಬಿಟ್ಟದ್ದಕ್ಕೆ ತಮಗೆ ಎಂದೆಂದಿಗೂ ಋಣಿಯಾಗಿದ್ದೇನೆ.

ತಮ್ಮ ವಿಶ್ವಾಸಿಯಾಗಲು ಇನ್ನೂ ಪ್ರಯತ್ನಿಸುತ್ತಿರುವ,
ಈರಬಸಪ್ಪ
ಮೊರಬ, ಶ್ರಾವಣ ಮಾಸ, ೧೯೮೭

ತಾ.ಕ.: ಪೂರ್ವಾನುಮತಿ ಇಲ್ಲದೆ ಪಾಲಕರು ಮಕ್ಕಳನ್ನು ಕಾಣಲು ಬರಕೂಡದೆಂಬ ತಮ್ಮ ನಿಯಮ ಓದಿ ಸಂತೋಷವಾಯಿತು. ಈ ಪತ್ರವನ್ನೇ ಅರ್ಜಿಯೆಂದು ಭಾವಿಸಬೇಕು. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ; ಅದು ಮೊರಬಕ್ಕೆ ಮುಟ್ಟುವ ಹೊತ್ತಿಗೆ ನಾನು, ಕಸ್ತೂರೆವ್ವ ಮತ್ತು ಅಕ್ಕ ತಮ್ಮ ಗೇಟಿನ ಮುಂದೆ ನಿಂತಿರುತ್ತೇವೆ.