ಹೊನ್ನೆ ತುಂಡಿನಡಿಯ ಒಕ್ಕಲು

‘ಬೇಡ’ ಎಂಬ ಎರಡಕ್ಷರವನ್ನು ಸಕಾಲದಲ್ಲಿ ಉಚ್ಚರಿಸಲಾರದವನು ಬದುಕಿನಲ್ಲಿ ಏನೇನನ್ನೆಲ್ಲ ಸಾಕಬೇಕಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನನ್ನ ಸ್ನೇಹಿತರಲ್ಲಿ ಕೆಲವರು ಈ ಒಂದು ದೋಷದಿಂದಲೇ ಭಜನಾ ಮಂಡಳಿಯ ಕಾರ್ಯದರ್ಶಿಗಳಾದರು. ಹಾಡಲು ಬಾರದ ಒಬ್ಬರು ಎರಡನೆಯ ಹಾರ್ಮೋನಿಯಂ ಕೊಂಡರು. ನನ್ನ ಪಾಲಿಗೆ ಬಂದದ್ದು ಒಂದು ಮೀನು. ಮೀನು ಎಂಬ ಶಬ್ದ ಕಿವಿಗೆ ಬಿದ್ದರೆ ಊಟದ ಎಲೆ ಬಿಟ್ಟು ಏಳುವ ಮನೆತನ ನಮ್ಮದು. ಪಂಚಾಂಗದ ಮೀನರಾಶಿಯೊಂದನ್ನು ಬಿಟ್ಟರೆ ಆ ಕುಲದೊಂದಿಗೆ ನಮಗೆ ಯಾವ ವ್ಯವಹಾರವೂ ಇರಲಿಲ್ಲ. ಅದೂ ನನ್ನ ಅತ್ತೆಯವರ ರಾಶಿಯಾದ್ದರಿಂದ ಗೌರವಪೂರ್ವಕವಾಗಿಯೇ ಇತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಮದರಾಸಿನ ಕಡೆಯಿಂದ ಬಂದಿದ್ದ ನಮ್ಮ ಅಧಿಕಾರಿಗಳು ಬ್ರಹ್ಮಚಾರಿ. ಮನೆಯಲ್ಲಿ ಅವರಿಗೆ ಜೊತೆಯೆಂದರೆ ಕಬ್ಬಿಣದ ಚೌಕಟ್ಟಿನ ಒಂದು ಗಾಜಿನ ತೊಟ್ಟಿ, ಅದರೊಳಗೊಂದು ಮೀನು. ವರ್ಗವಾಗಿ ಹೊರಟಾಗ ನನ್ನನ್ನು ಕರೆಸಿ, “ನಿಮ್ಮ ಕೈಬರಹ ದುಂಡಗಿದೆ. ದುಂಡಗೆ ಬರೆಯುವವರಿಗೆ ತಾಳ್ಮೆ ಇರುತ್ತದೆ. ಇದನ್ನು ನಿಮಗೇ ಬಿಟ್ಟು ಹೋಗುತ್ತೇನೆ” ಎಂದರು. ಮೇಲಿನವರು ಕೊಟ್ಟದ್ದನ್ನು ಬೇಡವೆನ್ನುವ ವಿದ್ಯೆಯನ್ನು ನಮ್ಮ ಕಚೇರಿಯಲ್ಲಿ ಯಾರೂ ಕಲಿತಿರಲಿಲ್ಲ. “ತಮ್ಮ ದಯೆ” ಎಂದೆ.

ಅರ್ಧ ಗೇಣಿನ ಆ ಕಪ್ಪು ಪ್ರಾಣಿಯ ಮೈಮೇಲೆ ಕವಚದಂಥ ಫಲಕಗಳು. ಬಾಯಿ ಇರಬೇಕಾದ ಕಡೆ ಇರದೆ ಅಡಿಭಾಗದಲ್ಲಿತ್ತು. ಆ ಬಾಯನ್ನು ಗಾಜಿಗೆ ಒತ್ತಿ ಹಿಡಿದು, ನಿವೃತ್ತಿಗೆ ಒಪ್ಪದ ಹಿರಿಯ ನೌಕರರಂತೆ ಗಂಟೆಗಟ್ಟಲೆ ಅಲುಗದೆ ಇರುತ್ತಿತ್ತು. ಹೆಸರು ಪ್ಲೆಕೋ, ಮೂಲಸ್ಥಾನ ದಕ್ಷಿಣ ಅಮೆರಿಕ, ಹಡಗಿನಲ್ಲಿ ಕೆಲಸ ಮಾಡುವ ಸ್ನೇಹಿತನೊಬ್ಬ ತಂದುಕೊಟ್ಟದ್ದು. ಇದಿಷ್ಟನ್ನೂ ಬರೆದ ಒಂದು ಹಾಳೆಯನ್ನೂ ಅಧಿಕಾರಿಗಳು ಕೊಟ್ಟರು. ಅದರಲ್ಲಿ ಜಾತಿ ನಿರ್ಣಯದ ಕ್ರಮವೂ ಇತ್ತು. ‘ಬೆನ್ನಿನ ರೆಕ್ಕೆಯಲ್ಲಿ ಹತ್ತಕ್ಕಿಂತ ಹೆಚ್ಚು ಕಡ್ಡಿಗಳಿದ್ದರೆ ಹಾಯಿರೆಕ್ಕೆಯ ಜಾತಿ, ಮೊಳದುದ್ದ ಬೆಳೆಯುತ್ತದೆ. ಏಳೆಂಟೇ ಇದ್ದರೆ ಸಾಧಾರಣ ಜಾತಿ, ಅದೂ ಮೊಳದುದ್ದ ಬೆಳೆಯುತ್ತದೆ. ಕಡ್ಡಿ ಅಷ್ಟೇ ಇದ್ದು ಮೂತಿಯ ಮೇಲೆ ಮೀಸೆ ಮೂಡಿದರೆ ಗಿಡ್ಡ ಜಾತಿ, ಗೇಣು ದಾಟುವುದಿಲ್ಲ. ಎಳೆಯದರಲ್ಲಿ ತಿಳಿಯುವುದು ಕಷ್ಟ. ಯಾವ ಕಾರಣಕ್ಕೂ ಕೆರೆಗೆ ಬಿಡಕೂಡದು. ಆಹಾರ ಸೌತೆಕಾಯಿ. ಹೆರೆದು ತಿನ್ನಲು ಮರದ ತುಂಡೊಂದು ಕಡ್ಡಾಯ.’ ಹಳೆಯ ತುಂಡನ್ನು ಮಾತ್ರ ಅವರು ಮದರಾಸಿನ ನೆನಪಿಗೆಂದು ತಮ್ಮೊಡನೆಯೇ ಒಯ್ದರು.

ಹಾಳೆಯನ್ನು ಓದಿಸಿಕೊಂಡ ನನ್ನ ಹೆಂಡತಿ ಗಿರಿಜೆಗೆ ಸೌತೆಕಾಯಿಯ ವಿಷಯ ಹಿಡಿಸಿತು. “ನಮ್ಮಂಗೆ ತರಕಾರಿ ತಿನ್ನೋದು, ಪಾಪ, ಇರಲಿ” ಎಂದಳು. ಆಮೇಲೆ ದನಿ ತಗ್ಗಿಸಿ, “ಆದ್ರೆ ಮುಂದಿನ ತಿಂಗಳು ಅಪ್ಪ ಬರ್ತಾರೆ. ಅರ್ಧ ಗೇಣಾದ್ರೆ ಎಲ್ಲಾದ್ರೂ ಮರೆಮಾಡ್ಬೌದು. ಮೊಳದುದ್ದ ಆದ್ರೆ ಎಲ್ಲಿ ಮುಚ್ಚಿಡ್ತೀರಿ?” ಎಂದು ಕೇಳಿದಳು.

ನನ್ನ ಮಾವ ಪುಟ್ಟಮಲ್ಲಪ್ಪನವರು ಕುದೇರಿನ ಜಮೀನುದಾರರು. ಎತ್ತಿನ ಸುಳಿ ನೋಡಿ ಅದರ ಮುಂದಿನ ಹತ್ತು ವರ್ಷವನ್ನು ಹೇಳಬಲ್ಲವರು. ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟುವವರಲ್ಲ. ಸಕ್ಕರೆ ಕಾಯಿಲೆ ಬಂದಿದ್ದರಿಂದ ಪೇಟೆಯ ಡಾಕ್ಟರಿಗೆ ತೋರಿಸಲು ನಮ್ಮಲ್ಲಿ ಕೆಲವು ದಿನ ಇರಬೇಕಾಗಿತ್ತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಒಂದೇ ಸಲ: “ಉಣ್ಣೋದ್ರಲ್ಲಿ ಮಾತ್ರ ತಂಟೆ ಇಲ್ಲದ ಮನ್ಸ” ಎಂದು. ಆ ಪ್ರಶಸ್ತಿಯನ್ನೂ ಕಳೆದುಕೊಳ್ಳುವ ಕಾಲ ಬಂತೆಂದುಕೊಂಡೆ. ಮೀನಿನ ಜಾತಿ ತಿಳಿಯುವುದು ಈಗ ತುರ್ತಾಯಿತು. ಬೆಳಿಗ್ಗೆ ಸಂಜೆ ತೊಟ್ಟಿಯ ಮುಂದೆ ಕುಳಿತು ಕಡ್ಡಿ ಎಣಿಸತೊಡಗಿದೆ. ಮೂರು ಎಣಿಸುವಷ್ಟರಲ್ಲಿ ಅದು ರೆಕ್ಕೆಯನ್ನು ಕೊಡೆಯಂತೆ ಮಡಿಸಿಬಿಡುತ್ತಿತ್ತು.

ಮರಕ್ಕಾಗಿ ಗುಂಡ್ಲುಪೇಟೆಗೆ ಹೋದೆ. ಅಲ್ಲಿ ಗಾಡಿಯ ಚಕ್ರ ಮಾಡುವ ಬಾಷಾ ಸಾಹೇಬರು ನನಗೆ ಹಳೆಯ ಪರಿಚಯ. ಮೀನಿಗೆ ಮರ ಬೇಕೆಂದಾಗ ಅವರು ನಗಲಿಲ್ಲ. ಉಳಿ ಕೆಳಗಿಟ್ಟು ಯೋಚಿಸಿದರು. “ಬೇವು ಬೇಡ ಸ್ವಾಮಿ, ಕಹಿ ಬಿಡ್ತದೆ. ಹಾಲು ಬರೋ ಮರ ಯಾವುದೂ ಬೇಡ, ವಿಷ. ದೇವದಾರು ರಾಳ ಬಿಡ್ತದೆ. ಹಸೀದು ಕೊಳೀತದೆ. ಪಾಲಿಶ್ ಆಗಿದ್ದು, ಮೊಳೆ ಹೊಡೆದಿದ್ದು ಮುಟ್ಟಲೇಬೇಡಿ. ಉಗುರಲ್ಲಿ ಕೆರೆದ್ರೆ ಉಗುರೇ ಸವೀಬೇಕು, ಅಂಥದ್ದು ಬೇಕು ನಿಮಗೆ” ಎಂದರು. “ಗಂಧ?” ಎಂದೆ. “ಗಂಧ ಮೀನಿಗೆ ಏನು ಮಾಡ್ತದೋ ಗೊತ್ತಿಲ್ಲ. ನಿಮ್ಮನ್ನ ಜೈಲಿಗೆ ಕಳಿಸ್ತದೆ.” ಕೊನೆಗೆ ಮೂಲೆಯಿಂದ ಒಂದು ಹೊನ್ನೆಯ ಬೇರುಗಂಟನ್ನು ಎಳೆದು, ಧೂಳು ಒರೆಸಿ ಕೊಟ್ಟರು. “ವರ್ಷಗಟ್ಟಲೆ ಒಣಗಿದೆ. ಚೆನ್ನಾಗಿ ಕುದಿಸಿ, ಕಲ್ಲು ಕಟ್ಟಿ ಮುಳುಗಿಸಿ, ಬಣ್ಣ ನಿಲ್ಲೋವರೆಗೂ ನೀರು ಚೆಲ್ಲುತಾ ಇರಿ. ಅವಸರ ಮಾಡಬೇಡಿ.”

ದಾರಿಯ ಅರಣ್ಯದ ಗೇಟಿನಲ್ಲಿ ಗಾರ್ಡು ಬಸ್ಸು ಹತ್ತಿ ನನ್ನ ಮಡಿಲಿನ ಗಂಟನ್ನು ನಾಲ್ಕು ದಿಕ್ಕಿನಿಂದಲೂ ಮೂಸಿ ನೋಡಿದ. ಗಂಧದ ವಾಸನೆ ಬರಲಿಲ್ಲ. ವಾಸನೆಯಿಲ್ಲದ ಮರವನ್ನು ಇಷ್ಟು ಜೋಪಾನವಾಗಿ ತಬ್ಬಿಕೊಂಡು ಹೋಗುವವನನ್ನು ಯಾವ ಕಾನೂನಿನಡಿ ಹಿಡಿಯಬೇಕೆಂದು ತಿಳಿಯದೆ ಇಳಿದು ಹೋದ.

ಸಾಹೇಬರ ಮಾತಿನಲ್ಲಿ ಅರ್ಧವನ್ನು ಪಾಲಿಸಿದೆ. ಬಚ್ಚಲ ಹಂಡೆಯಲ್ಲಿ ಕುದಿಸಿದೆ. ಮರುದಿನ ಗಿರಿಜೆ ಕೆಂಪು ನೀರಿನಲ್ಲಿ ಸ್ನಾನ ಮಾಡಿ ಬಂದು, ಹಂಡೆ ಉಜ್ಜುವ ಹುಣಿಸೆಹಣ್ಣನ್ನು ನನ್ನ ಕೈಗಿಟ್ಟಳು. ಬಣ್ಣ ನಿಲ್ಲುವವರೆಗೆ ಕಾಯುವ ತಾಳ್ಮೆ ನನ್ನ ದುಂಡಗಿನ ಅಕ್ಷರದಲ್ಲಷ್ಟೇ ಇತ್ತೆಂದು ತೋರುತ್ತದೆ. ಎರಡೇ ದಿನದಲ್ಲಿ ತುಂಡನ್ನು ತೊಟ್ಟಿಗಿಳಿಸಿದೆ. ಮೀನು ಅದರ ಅಡಿಗೆ ಸರಿದು, ಕಾಯಂ ಹಕ್ಕುಳ್ಳ ಒಕ್ಕಲಿನಂತೆ ನೆಲೆಸಿತು. ವಾರದೊಳಗೆ ನೀರು ಚಹದ ಬಣ್ಣಕ್ಕೆ ತಿರುಗಿತು, ಬಿಸಿಲು ಬಿದ್ದರೆ ನೀಲಿ ಹೊಳೆಯಿತು. ಮೀನು ಮಾತ್ರ ಕಣ್ಣಿಗೆ ಬೀಳಲೊಲ್ಲದು. ಮರೆಮಾಡುವ ಸಮಸ್ಯೆ ತಾನಾಗಿಯೇ ಬಗೆಹರಿಯಿತೆಂದು ನಾನು ತೊಟ್ಟಿಯನ್ನು ಹಿತ್ತಲ ಜಗಲಿಯಲ್ಲಿಟ್ಟು ನೆಮ್ಮದಿಯಾಗಿ ಕಚೇರಿಗೆ ಹೋದೆ.

ಮಾವನವರು ಹೇಳಿದ್ದಕ್ಕಿಂತ ಎರಡು ದಿನ ಮುಂಚೆ ಬಂದರು. ಸಂಜೆ ನಾನು ಮನೆಗೆ ಬಂದಾಗ ಹಿತ್ತಲ ಜಗಲಿಯಲ್ಲಿ ತೊಟ್ಟಿಯ ಮುಂದೆ ಕುಳಿತಿದ್ದರು. ಕೈಯಲ್ಲಿ ಚೊಂಬು, ಅದರ ಬಾಯಿಗೆ ಹೆಗಲ ವಸ್ತ್ರದ ತುದಿ. ಮರದ ಪುಡಿ ಬಾರದಿರಲೆಂದು ಸೋಸಿರಬೇಕು ಎಂದುಕೊಂಡೆ. ಅವರು ಮೀಸೆ ಒರೆಸಿಕೊಳ್ಳುತ್ತಿದ್ದರು.

ಹೊನ್ನೆಯ ಲೋಟದಲ್ಲಿ ರಾತ್ರಿಯಿಟ್ಟ ನೀರು ಸಕ್ಕರೆ ಕಾಯಿಲೆಗೆ ಔಷಧ ಎಂಬುದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆ ಜ್ಞಾನವೂ ಈ ತೊಟ್ಟಿಯೂ ಒಂದೇ ತಲೆಯಲ್ಲಿ ಅಕ್ಕಪಕ್ಕ ಇದ್ದುಕೊಂಡು ಒಂದನ್ನೊಂದು ಮಾತಾಡಿಸಿರಲಿಲ್ಲ, ಅಷ್ಟೆ.

“ಬನ್ನಿ ಅಳಿಯಂದ್ರೇ” ಎಂದರು ಮಾವ. “ಒನ್ನೆ ಲೋಟ ತಂದ್‌ಕೊಡೋರ್ನ ಕಂಡಿವ್ನಿ. ಮಾವುಂಗೆ ಅಂತ ಒನ್ನೆ ಬಾವಿನೇ ಕಟ್ಸ್‌ಬುಟ್ಟೋರ್ನ ಇವತ್ತೇ ಕಂಡಿದ್ದು. ಅಮ್ಮೀ, ನಿನ್ ಗಂಡುಂಗೆ ಮಾತು ಕಡ್ಮೆ ಕಣಮ್ಮಿ. ಒಟ್ಟೇಲಿ ಪ್ರೀತಿ ಐತೆ.”

ಅಡಿಗೆಮನೆಯಲ್ಲಿ ಗಿರಿಜೆ ಪಿಸುಗುಟ್ಟಿದಳು: “ಹೇಳ್ಬಿಡಿ.”

“ನಿಮ್ಮಪ್ಪ. ನೀನು ಹೇಳು.”

“ನಿಮ್ಮ ಮೀನು.”

ಹೀಗೆ ಆಸ್ತಿ ವಿಭಾಗ ಆಯಿತೇ ಹೊರತು ಯಾರೂ ಹೇಳಲಿಲ್ಲ. ಹೇಳುವುದಾದರೂ ಏನು? ಲಿಂಗಪೂಜೆಯ ಹಿರಿಯರಿಗೆ, ‘ನೀವು ಕುಡಿದದ್ದು ಮೀನು ತೊಳೆದ ನೀರು’ ಎಂದು ಹೇಳುವ ಅಳಿಯ ಅದೇ ಉಸಿರಿನಲ್ಲಿ ಹೆಂಡತಿಯನ್ನೂ ಕುದೇರಿಗೆ ಕಳಿಸಿದಂತೆಯೇ. ಅದಕ್ಕಿಂತ ದೊಡ್ಡ ಅಡ್ಡಿ ಆ ಹೊಗಳಿಕೆ. ಹನ್ನೊಂದು ವರ್ಷ ಕಾದು ದೊರೆತದ್ದನ್ನು ಅರ್ಧ ಗಂಟೆಯಲ್ಲಿ ಹಿಂದಿರುಗಿಸಲು ಮನಸ್ಸು ಬರಲಿಲ್ಲ.

ಮರುದಿನ ತುಂಡಿನಿಂದ ಒಂದು ಚೂರು ಕೊಯ್ದು ತಾಮ್ರದ ಕೊಡದಲ್ಲಿ ಹಾಕಿಟ್ಟೆ. ಮಾವ ಒಂದು ಗುಟುಕು ಕುಡಿದು ಕೆಳಗಿಟ್ಟರು. “ಇದು ಬುಡಿ, ಸಪ್ಪೆ. ಆ ತೊಟ್ಟೀದ್ರಲ್ಲಿ ಏನೋ ಒಂದ್ ಸಾರ ಐತೆ.” ಅವರು ಪೂಜೆಗೆ ಕುಳಿತ ಹೊತ್ತಿನಲ್ಲಿ ಮೀನನ್ನೇ ತೆಗೆಯಲು ತೋಳು ಮಡಿಸಿ ಕೈ ಹಾಕಿದೆ. ಅದು ಬಾಯಿಂದ ಮರವನ್ನು ಕಚ್ಚಿ, ಮುಳ್ಳುಗಳನ್ನು ಬಿಚ್ಚಿ ನಿಂತಿತು. ಗಂಟೆಯ ಸದ್ದು ನಿಲ್ಲುವಷ್ಟರಲ್ಲಿ ನನ್ನ ಬೆರಳಿನಿಂದ ರಕ್ತ ಬಂದಿತ್ತು, ಮೀನು ಬಂದಿರಲಿಲ್ಲ. ದಿನವೂ ಅವರು ಸೋಸಿ ಕುಡಿದರು, ದಿನವೂ ಹೊಗಳಿದರು. ನೆರೆಮನೆಯವರನ್ನು ಕರೆದು ನನ್ನನ್ನು ತೋರಿಸಿದರು. ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯವೆಂದುಕೊಂಡರು.

ಎಂಟನೆಯ ಸಂಜೆ ಮನೆಗೆ ಬಂದರೆ ಮಾವ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಕೈಯಲ್ಲಿ ಸೌತೆಕಾಯಿಯ ಬಿಲ್ಲೆ. ಕರಿಯ ಒಕ್ಕಲು ಮರದಡಿಯಿಂದ ಪೂರ್ತಿ ಹೊರಬಂದು ಗಾಜಿಗೆ ಅಂಟಿಕೊಂಡಿದೆ. ಗಿರಿಜೆ ಬಾಗಿಲ ಹಿಂದೆ.

“ಕುಂತ್ಕಳಿ ಅಳಿಯಂದ್ರೇ.”

ಕುಳಿತೆ.

“ಈ ಪ್ರಾಣಿ ಯಾವಾಗ್ಲಿಂದ ಐತೆ?”

“ಒಂದು ತಿಂಗಳಾಯಿತು.”

“ನಾನ್ ಬಂದ್ ದಿವ್ಸ್ವೇ ಕಂಡೆ.”

“ಕಂಡೂ... ಕುಡಿದಿರಾ?”

“ಅಲ್ಲ ಕಣಪ್ಪ, ನಮ್ಮೂರ್ ಕೊಳದಲ್ಲಿ ಮೀನಿಲ್ವ? ಬಾವೀಲಿ ಆಮೆ ಐತೆ. ನಿಮ್ ಮದ್ವೆ ಪಾಯ್ಸ ಮತ್ಯಾವ್ ನೀರಲ್ಲಿ ಬೇಯ್ಸುದ್ರು ಅನ್ಕಂಡ್ರಿ? ಮೀನ್ ಬದ್ಕೋ ನೀರ್ನ ಸೋಸ್ಕಂಡು ಮನ್ಸ ಕುಡೀಬೌದು. ಮೀನ್ನ ತಿನ್ಬಾರ್ದು, ಅಷ್ಟೆಯ.” ಅವರು ಸೌತೆಕಾಯಿಯನ್ನು ನೀರಿಗೆ ಬಿಟ್ಟರು. “ಇವತ್ತು ಏಳ್ತೀರ, ನಾಳೆ ಏಳ್ತೀರ ಅಂತ ಎಂಟ್ ದಿನ ಕಾದೆ. ಕಚೇರೀಲಿ ಅರ್ಜಿ ಕೂರ್ಸ್ಕಳಂಗೆ ಕೂರ್ಸ್ಕಂಡ್‌ಬುಟ್ರಿ.”

“ಮತ್ತೆ ಊರವರ ಮುಂದೆಲ್ಲ ಹೊಗಳಿದ್ದು?”

“ಒಗಳುದ್ರಾದ್ರೂ ಬಾಯ್ ಬುಡ್ತೀರೇನೋ ಅಂತ.”

ಬಾಗಿಲ ಹಿಂದೆ ಗಿರಿಜೆ ಸೆರಗು ಬಾಯಿಗೆ ತುರುಕಿಕೊಂಡ ಸದ್ದು ಕೇಳಿಸಿತು.

ಮಾವನವರೇ ಕರುಣೆಯಿಂದ ಮಾತು ತಿರುಗಿಸಿದರು. “ಬೆಳ್ದು ಬುಡ್ತದೆ ಅಂತ ನನ್ ಮಗ್ಳು ಎದ್ರುಕೊಂಡವ್ಳೆ. ಆಳೇಲಿರೋ ಲೆಕ್ಕಾನೂ ಈಗ್ತಾನೆ ಏಳುದ್ಲು. ಇದು ಬೆಳೆಯೋ ಜಾತಿಯಲ್ಲ. ಬೆನ್ನ ಮ್ಯಾಗಿನ್ ಕಡ್ಡಿ ಎಂಟು. ಮೂತಿ ನೋಡಿ, ಮೀಸೆ ಚಿಗುರ್ತಾ ಐತೆ. ಓರಿ ಇದು.” ನಾನು ಒಳಗೋಡಿ ಹಾಳೆ ತಂದು ಓದಿದೆ. ಅಕ್ಷರಶಃ ಸರಿಯಾಗಿತ್ತು: ಗಿಡ್ಡ ಜಾತಿ, ಗೇಣು ದಾಟುವುದಿಲ್ಲ. ಹಾಳೆ ಹಿಡಿದು ತಿಂಗಳಿಡೀ ನಾನು ಕಾಣದ್ದನ್ನು ಅವರು ಬರಿಗಣ್ಣಿನಿಂದ, ಚೊಂಬು ಹಿಡಿದುಕೊಂಡು ಕಂಡಿದ್ದರು. ಊರಿಗೆ ಹೊರಟಾಗ ಹೊನ್ನೆಯ ತುಂಡನ್ನು ಗರಗಸದಿಂದ ಎರಡು ಮಾಡಿಸಿ, ಅರ್ಧ ತಾವು ಒಯ್ದರು, ಅರ್ಧ ಮೀನಿಗೆ ಬಿಟ್ಟರು. ನನಗೆ ಏನನ್ನೂ ಬಿಡಲಿಲ್ಲ. ಆಮೇಲೆ ಅವರು ನನ್ನನ್ನು ಹೊಗಳಿದ ವರದಿಯೂ ಇಲ್ಲ.

ಈಗ ಮಾವನವರೂ ಇಲ್ಲ, ಮೀನೂ ಇಲ್ಲ. ಅವರ ಕಾಯಿಲೆ ಮಾತ್ರ, ರಕ್ತಸಂಬಂಧವಿಲ್ಲದಿದ್ದರೂ, ನನಗೆ ಬಂದಿದೆ. ಹೋದ ತಿಂಗಳು ನನ್ನ ಅಳಿಯ ಎಲ್ಲಿಂದಲೋ ಒಂದು ಹೊನ್ನೆಯ ಲೋಟ ತಂದುಕೊಟ್ಟ. ಮಿತಭಾಷಿ, ಸಂಭಾವಿತ. ಬಂದಾಗಲೆಲ್ಲ ಏನನ್ನೋ ಹೇಳಲು ಬಾಯಿ ತೆರೆದು, ಕಾಫಿ ಕುಡಿದು ಹೋಗುತ್ತಾನೆ. ನಾನು ಬೆಳಿಗ್ಗೆ ಎದ್ದು ಲೋಟದ ತಳವನ್ನೊಮ್ಮೆ ಬಾಗಿ ನೋಡಿ, ನೀರನ್ನು ಸೋಸಿ ಕುಡಿದು, ಕೇರಿಯವರ ಮುಂದೆಲ್ಲ ಅವನನ್ನು ಹೊಗಳತೊಡಗಿದ್ದೇನೆ.