ಮಾವ ಬಿಚ್ಚಿ ನೋಡಿದ ಜಾಲರಿ

ನಮ್ಮ ಸೋದರಮಾವನಿಗೆ ಆಪರೇಷನ್ ಮಾಡಿಸುವುದಕ್ಕಿಂತ ಎಮ್ಮೆಗೆ ಇಂಜೆಕ್ಷನ್ ಮಾಡಿಸುವುದು ಸುಲಭ! ಎಮ್ಮೆ ಕಡೇಪಕ್ಷ ಸೂಜಿ ಹಿಡಿದು ನೋಡಿ 'ಇದರಾಗ ಬ್ಯಾರೆ ತೋರಸ್ರಿ' ಎನ್ನುವುದಿಲ್ಲ.

ಇಳಕಲ್ಲಿನಲ್ಲಿ ಮಾವನದು ಸೀರೆ ಅಂಗಡಿ. ಮೇಲಿನ ಖಾನೆಗೆ ಏಣಿ ಹತ್ತಿದವರು ಜಾರಿ, ಕೆನ್ನೆಯನ್ನು ಮೇಜಿನ ಮೂಲೆಗೆ ಕೊಟ್ಟರು. ಕಣ್ಣುಗುಡ್ಡೆಯನ್ನು ಹೊತ್ತ ತೆಳು ಎಲುಬು ಮುರಿದು ಕಣ್ಣು ತುಸು ಕೆಳಗಿಳಿಯಿತು. ಎಲ್ಲವೂ ಎರಡೆರಡು! ಚಹಾ ಕೊಟ್ಟರೆ ಇಲ್ಲದ ಕಪ್ಪಿಗೇ ಕೈ ಹಾಕುತ್ತಿದ್ದರು.

ತಡ ಮಾಡಿದರೆ ಇದೇ ಕಾಯಂ ಆದೀತು ಎಂದರು ಬಾಗಲಕೋಟೆಯ ಡಾಕ್ಟರು. ಸುದ್ದಿ ಕೇಳಿ ಹುನಗುಂದದಿಂದ ಓಡಿಬಂದಿದ್ದ ನಾನು, ಏನು ಮಾಡಬೇಕೆಂದು ಕೇಳಿದೆ. ಕಣ್ಣಿನಡಿ ಆಸರೆಗೆ ಟೈಟಾನಿಯಂ ಜಾಲರಿ ಇಡಬಹುದು, ಒಂದು ಬಗೆಯ ಪ್ಲಾಸ್ಟಿಕ್ ಹಾಳೆ ಇಡಬಹುದು, ಇಲ್ಲವೇ ಸೊಂಟದಿಂದ ಅವರದೇ ಎಲುಬಿನ ಚೂರು ತೆಗೆದು ಇಡಬಹುದಂತೆ. ಎಲುಬಿನ ಮಾತಿಗೆ ಮಾವ ಕೆರಳಿದರು.

"ಸೀರಿ ಒಡಲು ಕತ್ತರಿಸಿ ಸೆರಗಿಗೆ ತ್ಯಾಪಿ ಹಚ್ಚಾಕ ನನಗೇನು ಹುಚ್ಚು ಹಿಡದೈತೇನ್ರಿ?"

ಪ್ಲಾಸ್ಟಿಕ್ಕೋ, ನೈಲಾನ್ ಸೀರೆಯಷ್ಟೇ ಅಸಹ್ಯ. ಉಳಿದದ್ದು ಜಾಲರಿ. ಅದರಲ್ಲೂ ಇಷ್ಟು ತೂತುಗಳೇಕೆಂದು ತಕರಾರು! ತೂತುಗಳೊಳಗೆ ಮಾಂಸ ಬೆಳೆದು ಜಾಲರಿಯನ್ನು ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ವಿವರಿಸಿದ ಮೇಲೆ, ಗಿರಾಕಿಗೆ ದೊಡ್ಡ ಉಪಕಾರ ಮಾಡುವವರಂತೆ ಒಪ್ಪಿದರು.

ಆಪರೇಷನ್ನಿನ ದಿನ ಆಸ್ಪತ್ರೆಯವರು ಹೇಳಿದ ಜಾಲರಿ ತಂದು, ಮಂಚದ ಮೇಲಿಟ್ಟು, ನರ್ಸನ್ನು ಕರೆಯಲು ಹೋದೆ. ಬಂದು ನೋಡಿದರೆ ಪ್ಯಾಕೆಟ್ ಹರಿದಿದೆ! ಕ್ರಿಮಿ ಸೋಕದಂತೆ ಭದ್ರ ಮಾಡಿದ್ದ ಜಾಲರಿ ಮಾವನ ಧೋತರದ ಮೇಲೆ! ಎರಡು ಬೆರಳ ನಡುವೆ ಉಜ್ಜಿ ನೇಯ್ಗೆಯ ಹದ ನೋಡುತ್ತಿದ್ದಾರೆ! ನನ್ನ ಬಿ.ಪಿ.ಯನ್ನು ಯಾರಾದರೂ ಅಳೆದಿದ್ದರೆ ಪಕ್ಕದ ಮಂಚ ನನಗೇ ಸಿಗುತ್ತಿತ್ತು.

"ಇದನ್ನ ಬಿಚ್ಚಬಾರದ್ರಿ ಮಾವಾ," ಎಂದೆ, ಹಲ್ಲು ಕಚ್ಚಿ.

"ಬಿಚ್ಚಿ ತೋರಿಸದ ಸೀರಿ ನಾ ಯಾರಿಗೂ ಕೊಟ್ಟಿಲ್ಲ. ಮಾರಿಯೊಳಗ ಇಡೂದನ್ನ ನೋಡದ ತಗೋ ಅಂತೀಯಲ್ಲ, ನೀ ಯಾವೂರ ಗಿರಾಕಿಪಾ?"

ನರ್ಸು ಬೈದದ್ದು ನನ್ನನ್ನು! ಹೊಸ ಪ್ಯಾಕೆಟ್ ತರಿಸಿ ಆಪರೇಷನ್ ಆದದ್ದು ಮರುದಿನ. ಅಲ್ಲಿಯವರೆಗೆ ನಾನು ಮಾವನೊಡನೆ ಮಾತು ಬಿಟ್ಟಿದ್ದೆ. ಆ ಒಂದು ದಿನದ ತಡದಿಂದ ಕಣ್ಣು ಕೆಟ್ಟರೆ? ಆಪರೇಷನ್ ಮುಗಿದ ಮೇಲೂ ಅದೇ ಚಿಂತೆ. ಅವರು ಮಾತ್ರ ಗೊರಕೆ ಹೊಡೆಯುತ್ತಿದ್ದರು.

ಬಾವು ಇಳಿದ ಮೇಲೆ ಡಾಕ್ಟರು ಮುಂದೆ ಒಂದು ಬೆರಳು ಹಿಡಿದು, ಎಷ್ಟು ಕಾಣುತ್ತವೆ ಎಂದು ಕೇಳಿದರು.

"ಒಂದ ಐತ್ರಿ," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಹೊತ್ತು ನೋಡಿದರು.

"ಕಣ್ಣು ಯಾಕಿಷ್ಟು ಕೆಂಪಾಗ್ಯಾವೋ ತಮ್ಮಾ? ನಿದ್ದಿ ಮಾಡಿಲ್ಲೇನು?"

ಮಂಚದ ಒಂದು ಅಂಚಿಗೆ ಸರಿದು, ನನಗೆ ಅಡ್ಡಾಗಲು ಜಾಗ ಮಾಡಿಕೊಟ್ಟರು.