ಜಿಂಕೆಗೆ ಸಿಕ್ಕ ವಾಸನೆ

ಮನುಷ್ಯನಿಗೆ ತನ್ನ ಮುಖ ಕನ್ನಡಿಯಲ್ಲಾದರೂ ಕಾಣುತ್ತದೆ. ತನ್ನ ದನಿ ಮೊಬೈಲಿನ ರೆಕಾರ್ಡಿಂಗಿನಲ್ಲಾದರೂ ಕೇಳುತ್ತದೆ, ಕೇಳಿ ಬೇಸರವೂ ಆಗುತ್ತದೆ. ತನ್ನ ವಾಸನೆ ಮಾತ್ರ ಯಾವ ದಾರಿಯಿಂದಲೂ ಅವನಿಗೆ ತಿಳಿಯುವುದಿಲ್ಲ. ಅದಕ್ಕೆ ಇನ್ನೊಬ್ಬರ ಮೂಗನ್ನೇ ನಂಬಬೇಕು. ಇಪ್ಪತ್ತೊಂದು ವರ್ಷಗಳಿಂದ ನಾನು ನಂಬಿಕೊಂಡು ಬಂದದ್ದು ನನ್ನ ಹೆಂಡತಿ ವಾರಿಜಳ ಮೂಗನ್ನು. ಹಾಲು ಕೆಟ್ಟಿದೆಯೋ ಇಲ್ಲವೋ, ನಿನ್ನೆಯ ಅಂಗಿ ಇವತ್ತೂ ಆಫೀಸಿಗೆ ನಡೆಯುತ್ತದೋ ಇಲ್ಲವೋ, ಕೆಳಗಿನ ಫ್ಲ್ಯಾಟಿನಲ್ಲಿ ಇವತ್ತು ಬಂಗುಡೆ ಮೀನೋ ಬೂತಾಯಿಯೋ, ಎಲ್ಲಕ್ಕೂ ಆ ಮೂಗಿನದೇ ಕೊನೆಯ ತೀರ್ಪು. ಕಳೆದ ಚಳಿಗಾಲದಲ್ಲಿ ಒಂದು ಜ್ವರ ಬಂದು ಹೋದ ಮೇಲೆ ಆ ಮೂಗು ಕೆಲಸ ನಿಲ್ಲಿಸಿತು. ಅವಳಿಗೆ ಒಂದು ವಾಸನೆಯೂ ತಿಳಿಯದಾಯಿತು. ಅದೇ ಮನೆಯಲ್ಲಿ, ಅದೇ ಊಟದ ಮೇಜಿನ ಎದುರು ಕುಳಿತಿದ್ದ ನನಗೆ ಇದು ಗೊತ್ತಾಗಲು ಒಂದೂವರೆ ತಿಂಗಳು ಬೇಕಾಯಿತು. ಅಷ್ಟು ದಿನ ನಾನು ಏನು ಮಾಡುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಮೈಯ ವಾಸನೆ ತೆಗೆಯುವುದರಲ್ಲಿ ಮುಳುಗಿದ್ದೆ.

ಕಾರಣ ಜಿಂಕೆ. ನಾವಿರುವುದು ಒಮಾನ್ ದೇಶದಲ್ಲಿ. ಖುರುಮಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ನಾಸರ್ ಇಲ್ಲಿಯವನೇ. ಅವನ ಅಜ್ಜ ಜಿಂಕೆ ಬೇಟೆಯಾಡುತ್ತಿದ್ದವರಂತೆ. ಈಗ ಇಲ್ಲಿ ಜಿಂಕೆಯ ಮೇಲೆ ಕೋವಿ ಎತ್ತಿದರೆ ನೇರ ಜೈಲು, ಹಾಗಾಗಿ ಮೊಮ್ಮಗ ಕ್ಯಾಮೆರಾ ಎತ್ತಿಕೊಂಡಿದ್ದಾನೆ. ಸೂರ್ ಕಡೆಯ ಜಾಲಿಮರಗಳ ಬಯಲಿನಲ್ಲಿ ತೆಗೆದ ಒಂದು ಫೋಟೋವನ್ನು ಅವನು ತೋರಿಸಿದ. ತೆಳ್ಳಗಿನ ಕಾಲು, ಕಣ್ಣಿನಿಂದ ಮೂಗಿನವರೆಗೆ ಇಳಿದ ಕಪ್ಪುಗೀರು, ಜಿಂಕೆ ನನ್ನನ್ನೇ ನೋಡುತ್ತಿರುವ ಹಾಗಿತ್ತು. ಐವತ್ತರ ಹೊಸ್ತಿಲಲ್ಲಿ ನಿಂತವನಿಗೆ ಯಾರಾದರೂ ಹಾಗೆ ನೋಡಿದರೆ ತಲೆ ಕೆಡದೆ ಇರುತ್ತದೆಯೇ? ನಾನೂ ಬರುತ್ತೇನೆ ಎಂದೆ. ನಾಸರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಮ್ಮಿಬ್ಬರಿಗೂ ಸಮಸಮವಾಗಿ ತಪ್ಪುತಪ್ಪಾಗಿ ಬರುವ ಹಿಂದಿಯಲ್ಲಿ ಹೇಳಿದ: “ಜಿಂಕೆಗೆ ನೀನು ಕಂಡರೆ ಎರಡು ಸಲ ನೋಡುತ್ತದೆ. ಸದ್ದು ಕೇಳಿದರೆ ಕಿವಿ ತಿರುಗಿಸುತ್ತದೆ. ವಾಸನೆ ಸಿಕ್ಕಿತೋ, ಖಲಾಸ್. ಯೋಚನೆಯೇ ಇಲ್ಲ, ಓಟ.” ಆಮೇಲೆ ಸ್ವಲ್ಪ ಸಂಕೋಚದಿಂದ, “ನಿನಗೆ ಸ್ವಲ್ಪ ವಾಸನೆ ಉಂಟು ಸದೀಕ್” ಎಂದ. ಸದೀಕ್ ಎಂದರೆ ಗೆಳೆಯ. ಗೆಳೆಯನಾದ್ದರಿಂದಲೇ ಹೇಳಿದ್ದು, ಇರಲಿ.

ಮೊದಲು ಮರೆಯಾಗಿ ಕೂರಲು ಒಂದು ಗುಡಾರ ಬೇಕಿತ್ತು. ನೆಲಕ್ಕೆ ಊರುವಂಥದ್ದು, ಒಳಗೆ ಇಬ್ಬರು ಕುಳಿತು ಮುಂದಿನ ಕಿಂಡಿಯಿಂದ ನೋಡುವಂಥದ್ದು. ವಾದಿ ಅದಾಯ್‌ನಲ್ಲಿ ಕಾರುಗಳ ಸೀಟಿಗೆ ಕವರ್ ಹೊಲಿಯುವ ಉಪ್ಪಿನಂಗಡಿಯ ಹಸನಬ್ಬ ಮಣ್ಣಿನ ಬಣ್ಣದ ಟಾರ್ಪಾಲಿನಲ್ಲಿ ಹೊಲಿದುಕೊಟ್ಟರು. “ಇದರೊಳಗೆ ಕೂತು ನೀವು ಎಂತ ಮಾಡುದು ರೈಗಳೇ?” ಎಂದು ಕೇಳಿದರು. ಜಿಂಕೆ ನೋಡುವುದು ಎಂದೆ. “ನೋಡಿ?” “ಫೋಟೋ ತೆಗೆಯುವುದು.” “ತೆಗೆದು?” ನಾನು ಗುಡಾರದ ಅಳತೆ ಹೇಳತೊಡಗಿದೆ. ಅವರು ತಲೆಯಾಡಿಸಿ, “ಆಯ್ತು ಮಾರಾಯ್ರೆ, ಒಬ್ಬೊಬ್ಬರಿಗೆ ಒಂದೊಂದು” ಎಂದು ಹೊಲಿಗೆಗೆ ಕೂತರು. ಗುಡಾರ ಚೆನ್ನಾಗಿಯೇ ಆಯಿತು. ಆದರೆ ಹೊಲಿಗೆಯ ಮೇಲೆ ಅವರು ಬಳಿದ ಅಂಟಿನ ಘಾಟು ಹೋಗಲು ಅದನ್ನು ಹಮ್ರಿಯಾದ ನಮ್ಮ ಕಟ್ಟಡದ ತಾರಸಿಯಲ್ಲಿ ಮೂರು ವಾರ ಬಿಸಿಲಿಗೆ ಹಾಕಬೇಕಾಯಿತು.

ಇನ್ನು ಉಳಿದದ್ದು ನಾನು. ಸುವಾಸನೆಯ ಸಾಬೂನು ಬಿಟ್ಟೆ, ಅಡುಗೆಯ ಸೋಡಾಪುಡಿ ಹಚ್ಚಿ ಮೀಯತೊಡಗಿದೆ. ಮೈ ಗರಗಸದ ಹಾಗಾಯಿತು. ಪೌಡರ್, ಸೆಂಟು, ಗಡ್ಡ ಹೆರೆಯುವ ಸೋಪು, ತಲೆಗೆ ತೆಂಗಿನೆಣ್ಣೆ ಎಲ್ಲ ಬಂದ್. ಬೆಳ್ಳುಳ್ಳಿ, ಈರುಳ್ಳಿ, ಮೀನು ಎಲ್ಲ ಬಿಟ್ಟೆ. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯವರು ನನ್ನ ಗಡ್ಡವನ್ನೂ ಊಟದ ಪಥ್ಯವನ್ನೂ ಕೂಡಿಸಿ ಲೆಕ್ಕ ಹಾಕಿ, “ಈ ವರ್ಷ ಮಾಲೆ ಹಾಕಿದ್ದೀರಾ? ಸ್ವಾಮಿ ಶರಣಂ” ಎಂದರು. ಇಲ್ಲ, ಜಿಂಕೆಗಾಗಿ ಎನ್ನಲು ನಾಲಿಗೆ ಏಳಲಿಲ್ಲ. ಶರಣಂ ಎಂದು ಕೈಮುಗಿದೆ. ಆಫೀಸಿನಲ್ಲಿ ಗುರುವಾರ ಲೋಬಾನದ ಹೊಗೆ ಹಾಕುವ ಹೊತ್ತಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಹತ್ತನೇ ಕ್ಲಾಸಿನ ಮಗಳು ಮಾತ್ರ, “ಪಪ್ಪಾ, ದಿಸ್ ಈಸ್ ನಾಟ್ ನಾರ್ಮಲ್” ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.

ಇಷ್ಟೆಲ್ಲ ಮಾಡಿದರೂ ವಾಸನೆ ಹೋಯಿತೇ ಎಂದು ಹೇಳುವವರು ಯಾರು? ವಾರಿಜಳೇ. ದಿನಾ ಸಂಜೆ ಅಡುಗೆಮನೆಗೆ ಹೋಗಿ ಅವಳ ಮುಂದೆ ತೋಳು ಚಾಚಿ ನಿಲ್ಲುತ್ತಿದ್ದೆ. ಮೊದಮೊದಲು ಅವಳು, “ಬೆವರು. ಹೋಗಿ ಪುನಃ ಮೀಯಿರಿ” ಎಂದು ಸೌಟು ತೋರಿಸುತ್ತಿದ್ದಳು. ಡಿಸೆಂಬರಿನಲ್ಲಿ ಅವಳಿಗೆ ನಾಲ್ಕು ದಿನ ಜ್ವರ ಬಂತು, ಹೋಯಿತು. ಅದಾದ ಮೇಲೆ ಯಾವಾಗ ಕೇಳಿದರೂ, “ಇಲ್ಲ, ಎಂತ ವಾಸನೆಯೂ ಇಲ್ಲ” ಎನ್ನತೊಡಗಿದಳು. ನನ್ನ ಹಿಗ್ಗು ಕೇಳಬೇಕೆ? ಸೋಡಾಪುಡಿಯ ಮಹಿಮೆಯನ್ನು ಆಫೀಸಿನಲ್ಲೆಲ್ಲ ಸಾರಿದೆ. ಆ ದಿನಗಳಲ್ಲಿ ಸಾರಿಗೆ ಇಂಗು ಒಮ್ಮೆ ಎರಡರಷ್ಟು ಬೀಳುತ್ತಿತ್ತು, ಒಮ್ಮೆ ಬೀಳುತ್ತಲೇ ಇರಲಿಲ್ಲ. ಎರಡು ಸಲ ಹಾಲಿನ ಪಾತ್ರೆ ಸೀದು ಕರಕಲಾಯಿತು. ಅವಳು ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದಳು. ಇವನ್ನೆಲ್ಲ ನಾನು ನೋಡಿದೆ. ನೋಡಿ, “ಸೀದ ವಾಸನೆ ನನ್ನ ಬಟ್ಟೆಗೆ ಹತ್ತುತ್ತದೆ, ಕಿಟಕಿ ತೆಗಿ” ಎಂದೆ. ಅಷ್ಟೇ ನಾನು ಹೇಳಿದ್ದು.

ಜನವರಿಯ ಒಂದು ಶುಕ್ರವಾರ ಹೊರಡುವುದು ಎಂದಾಯಿತು. ಗುಡಾರದಲ್ಲಿ ತೊಡಲಿರುವ ಅಂಗಿ ಪ್ಯಾಂಟುಗಳನ್ನು ಸಾಬೂನಿಲ್ಲದೆ ತೊಳೆದು, ತಾರಸಿಯಲ್ಲಿ ಒಣಗಿಸಿ, ಮನೆಯ ಗಾಳಿ ಸೋಕದಂತೆ ಒಂದು ಸೂಟ್‌ಕೇಸಿನಲ್ಲಿ ಹಾಕಿ ಬೀಗ ಜಡಿದೆ. ನಮ್ಮ ಕರಾವಳಿಯವರ ಮನೆಯ ಸೂಟ್‌ಕೇಸು ಎಂದರೆ ಏನೆಂದು ತಿಳಿದವರು ಇಲ್ಲಿಗೇ ನಗತೊಡಗಿರಬಹುದು. ರಜೆ ಮುಗಿಸಿ ಮಂಗಳೂರಿನಿಂದ ಬರುವಾಗ ನಾವು ತರುವುದು ಬಟ್ಟೆಯನ್ನಲ್ಲ. ಏಳು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಬಿಗಿದ ಒಣಮೀನು, ಒಣಸಿಗಡಿ. ಆ ಸೂಟ್‌ಕೇಸು ಅಂಥ ಐದು ಪ್ರಯಾಣ ಕಂಡದ್ದು. ಹೊರಡುವ ದಿನ ಬಟ್ಟೆ ತೆಗೆದು ವಾರಿಜಳ ಮೂಗಿಗೆ ಹಿಡಿದೆ. ಅವಳು ಉಸಿರೆಳೆದು, “ಇಲ್ಲ ಮಾರಾಯ್ರೆ, ಎಂತ ಇಲ್ಲ” ಎಂದಳು. ನನಗೂ ಏನೂ ಅನಿಸಲಿಲ್ಲ. ಒಣಸಿಗಡಿ ನಮಗೆ ವಾಸನೆಯಲ್ಲ, ಊಟ.

ಕಾರಿನಲ್ಲಿ ನಾಸರ್ ಎಸಿ ಹಾಕಿಕೊಂಡೇ ನಾಲ್ಕೂ ಕಿಟಕಿ ಇಳಿಸಿದ. ಒಮಾನಿಗಳ ಮರ್ಯಾದೆ ದೊಡ್ಡದು, ಬಾಯಿಬಿಟ್ಟು ಏನೂ ಹೇಳಲಿಲ್ಲ. ಬಯಲಿಗೆ ಹೋಗಿ, ಗಾಳಿ ಮುಖಕ್ಕೆ ಬೀಸುವಂತೆ ಗುಡಾರ ಊರಿ, ಸೂರ್ಯ ಇಳಿಯುವವರೆಗೆ ಉಸಿರು ಬಿಗಿಹಿಡಿದು ಕುಳಿತೆವು. ಜಿಂಕೆ ಬರಲಿಲ್ಲ. ಬಂದದ್ದು ನರಿ. ದೊಡ್ಡ ಕಿವಿಯ ಒಂದು ಬಡಕಲು ನರಿ ಗುಡಾರಕ್ಕೆ ಎರಡು ಸುತ್ತು ಬಂದು, ಕಿಂಡಿಯ ಕೆಳಗೆ ಮೂಗಿಟ್ಟು, ಊಟಕ್ಕೆ ಕರೆದವರ ಮನೆಬಾಗಿಲಲ್ಲಿ ಕೂತಂತೆ ಕೂತುಬಿಟ್ಟಿತು. ಆಗ ನಾಸರ್ ತಡೆಯಲಾರದೆ ಕೇಳಿದ: “ಸದೀಕ್, ಜೇಬಿನಲ್ಲಿ ಮೀನು ಇಟ್ಟುಕೊಂಡಿದ್ದೀಯಾ?”

ಮನೆಗೆ ಬಂದವನೇ ಅಂಗಿಯನ್ನು ಮೇಜಿನ ಮೇಲೆ ಎಸೆದು ವಾರಿಜಳ ಮೇಲೆ ಹಾರಾಡಿದೆ. ನಮ್ಮ ಮನೆಮಾತು ತುಳು, ಬೈಯಲು ಬಹಳ ಅನುಕೂಲವಾದ ಭಾಷೆ. ಅದನ್ನು ಕನ್ನಡಕ್ಕೆ ತರುವುದಿಲ್ಲ. ಕೊನೆಗೆ, “ನಿನಗೆ ಮೂಗು ಇರುವುದು ಮೂಗುತಿಗಾ?” ಎಂದುಬಿಟ್ಟೆ. ಅವಳು ಆ ಅಂಗಿಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಒತ್ತಿಕೊಂಡು ಜೋರಾಗಿ ಉಸಿರೆಳೆದಳು, ಪುನಃ ಎಳೆದಳು. ತೆಗೆದಾಗ ಕಣ್ಣು ತುಂಬಿತ್ತು. “ಸಿಗಡಿಯದ್ದಾ?” ಎಂದು ಕೇಳಿದಳು. ಹೌದು ಎಂದೆ. “ನನಗೆ ಬರುದೇ ಇಲ್ಲ. ಜ್ವರ ಬಂದ ಮೇಲೆ ಎಂತದ್ದೂ ಬರುದಿಲ್ಲ. ಕಾಫಿ ಬಿಸಿನೀರಿನ ಹಾಗೆ. ಒಗ್ಗರಣೆ ಕಣ್ಣಲ್ಲಿ ನೋಡಿ ಹಾಕುದು. ಗ್ಯಾಸ್ ಬಂದ್ ಮಾಡಿದ್ದೇನಾ ಅಂತ ದಿನಕ್ಕೆ ಹತ್ತು ಸಲ ನೋಡುದು.” ನನಗೇಕೆ ಹೇಳಲಿಲ್ಲ ಎಂದರೆ, ಅವಳು ಅಂಗಿ ಮಡಚುತ್ತಾ ಹೇಳಿದಳು: “ಎರಡು ಸಲ ಹೇಳಲಿಕ್ಕೆ ಬಂದೆ. ವಾಸನೆ ಇಲ್ಲ ಅಂದ ಕೂಡಲೇ ನಿಮ್ಮ ಮುಖ ಅಷ್ಟು ಅರಳ್ತಿತ್ತು. ಮತ್ತೆ ಹೇಗೆ ಹೇಳುದು?”

ಮರುದಿನವೇ ಡಾಕ್ಟರರ ಹತ್ತಿರ ಹೋದೆವು. ಮೂಗಿನ ಡಾಕ್ಟರರು ನೋಡಿ, ಹೀಗೆ ಕೆಲವರಿಗೆ ಆಗುತ್ತದೆ, ಬರಬಹುದು, ಬಾರದೆಯೂ ಇರಬಹುದು ಎಂದರು. ಲಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ಮನಸ್ಸಿನಲ್ಲಿ ನೆನಪು ಮಾಡಿಕೊಳ್ಳಬೇಕು. ಅಂದಿನಿಂದ ನಮ್ಮ ಮನೆಯ ಸಂಜೆ ತಿರುಗುಮುರುಗಾಯಿತು. ಈಗ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂರುವವಳು ಅವಳು, ನಾಲ್ಕು ಕುಪ್ಪಿ ಹಿಡಿದು ನಿಲ್ಲುವವನು ನಾನು. “ಬಂತಾ?” “ಇಲ್ಲ.” “ಸ್ವಲ್ಪ?” “ಇಲ್ಲ ಮಾರಾಯ್ರೆ, ಬಂದರೆ ಹೇಳುದಿಲ್ವಾ ನಾನು?” ಹಾಗೆಂದವಳು ಒಮ್ಮೆ ಮೆಲ್ಲಗೆ ಕೇಳಿದಳು: “ನನ್ನ ಮೈ ನಾರ್ತಿದ್ದರೆ ನನಗೆ ಗೊತ್ತಾಗುದಿಲ್ಲ ಅಲ್ವಾ? ನೀವು ಹೇಳ್ಬೇಕು ಆಯ್ತಾ.” ಹೇಳುತ್ತೇನೆ ಎಂದೆ. ಅವಳು ದಿನಕ್ಕೆ ಮೂರು ಸಲ ಮೀಯುತ್ತಿದ್ದಳೆಂಬುದೂ ನನಗೆ ಆಗಲೇ ತಿಳಿದದ್ದು.

ಜಿಂಕೆಯನ್ನು ಬಿಟ್ಟೇಬಿಡುತ್ತೇನೆ ಎಂದೆ. ಅವಳು ಕೇಳಲಿಲ್ಲ. “ನಾನೂ ಬರ್ತೇನೆ. ಮನೆಯಲ್ಲಿ ಕೂತರೆ ಬರೀ ಮೂಗಿನದ್ದೇ ಯೋಚನೆ” ಎಂದಳು. ಮಾರ್ಚಿನ ಒಂದು ಶುಕ್ರವಾರ ನಾಸರ್ ನಮ್ಮಿಬ್ಬರನ್ನು ಬಯಲಿಗೆ ಕರೆದುಕೊಂಡು ಹೋಗಿ, ಗುಡಾರ ಊರಿಕೊಟ್ಟು, ತಾನು ದೂರದ ರಸ್ತೆಯಲ್ಲಿ ಕಾರಿನೊಳಗೆ ಉಳಿದ. ನಾವು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತೆವು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಎರಡು ಗಂಟೆ ಮಾತಿಲ್ಲದೆ, ಫೋನಿಲ್ಲದೆ ಅಷ್ಟು ಹತ್ತಿರ ಕೂತದ್ದು ನನಗೆ ನೆನಪಿಲ್ಲ.

ಬಿಸಿಲು ತಣ್ಣಗಾಗುತ್ತಲೇ ಜಾಲಿಮರದ ಹಿಂದಿನಿಂದ ಮೂರು ಬಂದವು. ಎರಡು ದೊಡ್ಡವು, ಒಂದು ಮರಿ. ವಾರಿಜ ನನ್ನ ತೋಳನ್ನು ಚಿವುಟಿದಳು. ಅವು ತಲೆ ತಗ್ಗಿಸಿ ನೆಲದ ಮೇಲೆ ಬಿದ್ದ ಕಾಯಿಗಳನ್ನು ಹೆಕ್ಕುತ್ತಾ ಹತ್ತಿರ ಬಂದವು. ನಾನು ಕ್ಯಾಮೆರಾ ಎತ್ತಿದೆ. ಅಷ್ಟರಲ್ಲಿ ಗಾಳಿ ತಿರುಗಿತು, ನನ್ನ ಕತ್ತಿನ ಹಿಂದೆ ತಂಪಾಯಿತು. ದೊಡ್ಡ ಹೆಣ್ಣುಜಿಂಕೆ ತಲೆಯೆತ್ತಿ, ಮೂಗನ್ನು ಮೇಲಕ್ಕೆ ಹಿಡಿದು, ಒಂದು ಸಲ ಉಸಿರೆಳೆಯಿತು. ಒಂದೇ ಸಲ. ಕಾಲು ಅಪ್ಪಳಿಸಿತು, ಮೂರೂ ಇಲ್ಲ. ಧೂಳು ಮಾತ್ರ ಉಳಿಯಿತು. ಫೋಟೋದಲ್ಲಿ ಬಂದದ್ದು ಎರಡು ಬಾಲ.

ನನಗೆ ಅಳುವೇ ಬರುವ ಹಾಗಾಗಿತ್ತು. ವಾರಿಜ ಮಾತ್ರ ಕಿಂಡಿಯಿಂದ ಕಣ್ಣು ತೆಗೆಯದೆ, “ಎಷ್ಟು ಚಂದ ಮೂಗು ಎತ್ತಿತು ಅಲ್ವಾ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಇವರೇ, ನನ್ನ ವಾಸನೆ ಹೇಗೆ ಇರುದು?” ಎಂದು ಕೇಳಿದಳು. ಕುಪ್ಪಿ ಹಿಡಿದು ನಿಂತು ಅಭ್ಯಾಸವಾದ ನಾನು ಕೂಡಲೇ ಶುರುಮಾಡಿದೆ: ತೆಂಗಿನೆಣ್ಣೆ, ಮಲ್ಲಿಗೆ, ಆ ಹಸಿರು ಸಾಬೂನು… ಅವಳು ಕೈಯಡ್ಡ ಹಿಡಿದಳು. “ಅದು ಎಣ್ಣೆಯದ್ದು, ಹೂವಿನದ್ದು. ಅಂಗಡಿಯಲ್ಲಿ ಸಿಗ್ತದೆ. ನನ್ನದು ಕೇಳಿದ್ದು. ನನಗಂತೂ ಇನ್ನು ಗೊತ್ತಾಗುದಿಲ್ಲ, ನೀವು ಹೇಳಿ.” ಇಪ್ಪತ್ತೊಂದು ವರ್ಷಗಳ ಒಳಗೆಲ್ಲ ಕೈಹಾಕಿ ಹುಡುಕಿದೆ. ಏನೂ ಸಿಗಲಿಲ್ಲ. ಗೊತ್ತಿಲ್ಲ ಎಂದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, “ಆ ಜಿಂಕೆಯ ಹತ್ತಿರವೇ ಕೇಳ್ಬೇಕಿತ್ತು. ಅದಕ್ಕೆ ಒಂದೇ ಉಸಿರಿಗೆ ಗೊತ್ತಾಯ್ತು” ಎಂದಳು.

ನಾನು ಕ್ಯಾಮೆರಾ ಕೆಳಗಿಟ್ಟು ಅವಳ ಕಡೆಗೆ ಬಾಗಿದೆ. ಒಂದಿಡೀ ಚಳಿಗಾಲ ಮೂಗನ್ನು ತನ್ನದೇ ಕಂಕುಳಿಗೆ ಹಿಡಿದುಕೊಂಡು ತಿರುಗಿದವನಿಗೆ ಅದನ್ನು ಈಚೆ ತಿರುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.